ಒಲ್ಲೆ: ಒಂದು ದ್ವೀಪದ ಕಾಲುಹಾದಿ

‘ಒಲ್ಲೆ’ ಎಂದರೆ ಕನ್ನಡದಲ್ಲಿ ಬೇಡವೆಂಬ ಅರ್ಥ. ಊಟಕ್ಕೆ ಕರೆದಾಗ ಮುನಿಸಿಕೊಂಡ ಮಗು ಹೇಳುವ ಮಾತು ಅದು. ಕೊರಿಯದ ದಕ್ಷಿಣಕ್ಕಿರುವ ಜೇಜು ದ್ವೀಪದಲ್ಲಿ ಇದೇ ಉಚ್ಚಾರಣೆಯ ಮಾತಿಗೆ ಬೇರೆಯೇ ಅರ್ಥವುಂಟು. ಊರಿನ ಬೀದಿಯಿಂದ ಮನೆಯ ಅಂಗಳದವರೆಗೆ, ಎರಡು ಕಲ್ಲುಗೋಡೆಗಳ ನಡುವೆ ಬಳಸಿಕೊಂಡು ಬರುವ ಕಿರಿದಾದ ಓಣಿಗೆ ಅಲ್ಲಿಯವರು ‘ಒಲ್ಲೆ’ ಎನ್ನುತ್ತಾರೆ. ಕೊರಿಯನ್ ಭಾಷೆಯಲ್ಲಿ ‘ಬರುವೆಯಾ?’ ಎಂಬ ಪ್ರಶ್ನೆಯೂ ಕಿವಿಗೆ ಹೆಚ್ಚುಕಡಿಮೆ ಹೀಗೆಯೇ ಕೇಳಿಸುತ್ತದೆ. ಒಂದು ನುಡಿಯಲ್ಲಿ ನಿರಾಕರಣೆಯಾದದ್ದು ಮತ್ತೊಂದರಲ್ಲಿ ಕರೆಯಾಗಿರುವುದು ಶಬ್ದಲೋಕದ ವಿನೋದಗಳಲ್ಲೊಂದು. ಆ ದ್ವೀಪವನ್ನು ಕಡಲಂಚಿನಲ್ಲಿ ಸುತ್ತಿ ಬರುವ 437 ಕಿಲೋಮೀಟರುಗಳ ಕಾಲುಹಾದಿಗೆ ಇಂದು ಇದೇ ಹೆಸರು.

ಜೇಜು ಕಡಲಿನೊಳಗಿಂದ ಬೆಂಕಿಯುಗುಳಿ ಎದ್ದ ನೆಲ. ಸುಮಾರು 73 ಕಿಲೋಮೀಟರು ಉದ್ದ, 31 ಕಿಲೋಮೀಟರು ಅಗಲವಾಗಿ ಮೊಟ್ಟೆಯಾಕಾರದಲ್ಲಿ ಹರಡಿಕೊಂಡಿರುವ ಈ ದ್ವೀಪದ ನಟ್ಟನಡುವೆ ಹಲ್ಲಾಸಾನ್ ಪರ್ವತ ನಿಂತಿದೆ. 1,947 ಮೀಟರು ಎತ್ತರದ ಅದು ದಕ್ಷಿಣ ಕೊರಿಯದ ಅತ್ಯುನ್ನತ ಶಿಖರ. ಅದರ ಸುತ್ತ ಮೂರುನೂರ ಅರುವತ್ತಕ್ಕೂ ಹೆಚ್ಚು ಚಿಕ್ಕ ಜ್ವಾಲಾಮುಖಿ ಗುಡ್ಡಗಳಿವೆ. ಇವಕ್ಕೆ ‘ಒರುಮ್’ ಎಂದು ಹೆಸರು. ಭೂವಿಜ್ಞಾನಿಗಳ ವಿವರಣೆ ಹುಟ್ಟುವುದಕ್ಕೆ ಬಹು ಮುಂಚೆಯೇ ದ್ವೀಪದ ಅಜ್ಜಿಯರು ಇದಕ್ಕೊಂದು ವಿವರಣೆ ಕೊಟ್ಟಿದ್ದರು. ಸೊಲ್ಮುಂದೆ ಎಂಬ ದೈತ್ಯದೇವತೆ ತನ್ನ ಲಂಗದಲ್ಲಿ ಮಣ್ಣು ಹೊತ್ತು ತಂದು ಹಲ್ಲಾಸಾನನ್ನು ಕಟ್ಟಿದಳಂತೆ. ಲಂಗದ ತೂತುಗಳಿಂದ ಸೋರಿ ಬಿದ್ದ ಹಿಡಿಹಿಡಿ ಮಣ್ಣೇ ಒರುಮ್‌ಗಳಾದುವಂತೆ. ಪರ್ವತವನ್ನೇ ನಿರ್ಮಿಸಿದವಳ ಉಡುಪು ಹರಕಲಾಗಿತ್ತೆಂದು ಕಲ್ಪಿಸಿಕೊಂಡ ಜನ ಬಡತನವನ್ನು ಬಲ್ಲವರಾಗಿರಬೇಕು.

ಗಾಳಿ, ಕಲ್ಲು, ಹೆಂಗಸರು ಈ ಮೂರೂ ಜೇಜುವಿನಲ್ಲಿ ಹೇರಳವೆಂಬುದು ಹಳೆಯ ಮಾತು. ಕಲ್ಲೆಂದರೆ ತಣ್ಣಗಾದ ಲಾವಾರಸ. ನಮ್ಮ ವಿಜಯಪುರ, ಬೆಳಗಾವಿಗಳ ಕಡೆ ಕಾಣುವ ಕಪ್ಪುಕಲ್ಲಿನ ದೂರದ ಬಂಧು ಅದು. ಮೈತುಂಬ ಸಣ್ಣ ಸಣ್ಣ ತೂತುಗಳು. ಉಳಬೇಕಾದರೆ ಮೊದಲು ಹೊಲದಿಂದ ಈ ಕಲ್ಲುಗಳನ್ನು ಆರಿಸಿ ತೆಗೆಯಬೇಕು; ತೆಗೆದ ಕಲ್ಲನ್ನು ಎಲ್ಲಿ ಹಾಕುವುದು? ಹೊಲದ ಅಂಚಿಗೆ ಪೇರಿಸಿದರು. ಹೀಗೆ ಶತಮಾನಗಳಲ್ಲಿ ಬೆಳೆದ ಹೊಲದ ಗೋಡೆಗಳ ಒಟ್ಟು ಉದ್ದ ಸುಮಾರು 22,000 ಕಿಲೋಮೀಟರು ಎಂದು ಅಂದಾಜು ಮಾಡಲಾಗಿದೆ. 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇವನ್ನು ಜಗತ್ತಿನ ಮಹತ್ವದ ಕೃಷಿ ಪರಂಪರೆಗಳ ಸಾಲಿಗೆ ಸೇರಿಸಿತು. ಈ ಗೋಡೆಗಳಿಗೆ ಗಾರೆಯಿಲ್ಲ, ಸುಣ್ಣವಿಲ್ಲ. ಕಲ್ಲಿನ ಮೇಲೆ ಕಲ್ಲು ಕೂತಿರುತ್ತದೆ, ನಡುವೆ ಸಂದುಗಳಿರುತ್ತವೆ. ನೋಡಿದವನಿಗೆ ಇದು ಅರೆಗೆಲಸವೆನಿಸೀತು. ಆದರೆ ಕಡಲಗಾಳಿ ಆ ಸಂದುಗಳಲ್ಲಿ ನುಸುಳಿ ತನ್ನ ಬಿರುಸನ್ನು ಕಳೆದುಕೊಂಡು ಹೊಲಕ್ಕಿಳಿಯುತ್ತದೆ. ಸಂದಿಲ್ಲದ ಗೋಡೆಯಾಗಿದ್ದರೆ ಬಿರುಗಾಳಿಯ ಪೂರ್ಣ ಹೊಡೆತವನ್ನು ತಾನೇ ತಿಂದು ಉರುಳಬೇಕಾಗುತ್ತಿತ್ತು.

ಮನೆಯ ಒಲ್ಲೆಯ ಬಾಯಲ್ಲಿ ಕದವಿರುತ್ತಿರಲಿಲ್ಲ. ಎರಡು ಕಡೆ ತೂತು ಕೊರೆದ ಕಂಬಗಳನ್ನು ನಿಲ್ಲಿಸಿ, ಅಡ್ಡಲಾಗಿ ಮೂರು ಮರದ ಗಳುಗಳನ್ನು ಹಾಕುತ್ತಿದ್ದರು. ಒಂದೂ ಗಳು ಹಾಕಿಲ್ಲವಾದರೆ ಮನೆಯವರು ಒಳಗಿದ್ದಾರೆ. ಒಂದು ಹಾಕಿದ್ದರೆ ಇಲ್ಲೇ ನೆರೆಗೆ ಹೋಗಿದ್ದಾರೆ. ಎರಡಾದರೆ ಬರುವುದು ತುಸು ತಡ. ಮೂರೂ ಹಾಕಿದ್ದರೆ ದೂರ ಹೋಗಿದ್ದಾರೆ. ಮನೆ ಬರಿದಾಗಿದೆಯೆಂದು ದಾರಿಹೋಕರಿಗೆಲ್ಲ ಸಾರಿ ಹೋಗುವ ಈ ಪದ್ಧತಿ ಕಳ್ಳರ ಭಯವಿರುವ ಸೀಮೆಯಲ್ಲಿ ನಡೆಯುವಂಥದಲ್ಲ.

ಊರುಗಳೆಲ್ಲ ಹೆಚ್ಚಾಗಿ ಕಡಲತೀರದಲ್ಲೇ ಏಕೆ ನೆಲೆಸಿದುವು ಎಂಬುದಕ್ಕೂ ಈ ತೂತುಗಲ್ಲೇ ಉತ್ತರ ಹೇಳುತ್ತದೆ. ಜೇಜುವಿನಲ್ಲಿ ಮಳೆ ಧಾರಾಳವಾಗಿ ಸುರಿಯುತ್ತದೆ, ಆದರೆ ನೆಲದ ಮೇಲೆ ನಿಲ್ಲುವುದಿಲ್ಲ. ಹಳ್ಳಗಳು ಮಳೆ ನಿಂತ ಕೆಲವೇ ದಿನಗಳಲ್ಲಿ ಒಣಗುತ್ತವೆ. ಬಂಡೆಯೊಳಗೆ ಇಂಗಿದ ನೀರು ಬಲುದೂರ ನೆಲದಡಿಯಲ್ಲೇ ಸಾಗಿ, ಕಡಲಂಚಿನಲ್ಲಿ ಸಿಹಿನೀರಿನ ಬುಗ್ಗೆಯಾಗಿ ಏಳುತ್ತದೆ. ಬುಗ್ಗೆಯಿದ್ದೆಡೆ ಊರು. ಹೆಂಗಸರು ಬೆನ್ನ ಮೇಲೆ ಬಿದಿರುಬುಟ್ಟಿಯಲ್ಲಿ ಮಣ್ಣಿನ ಕೊಡವನ್ನಿಟ್ಟು ಬುಗ್ಗೆಗೂ ಮನೆಗೂ ನಡೆದರು. ಮನೆಯಿಂದ ಹೊಲಕ್ಕೂ, ಹೊಲದಿಂದ ಕಡಲಿಗೂ ನಡೆದರು. ದ್ವೀಪದ ಕಾಲುಹಾದಿಗಳನ್ನು ತುಳಿದು ಸವೆಸಿದ ಪಾದಗಳಲ್ಲಿ ಹೆಚ್ಚಿನವು ಇವರವೇ.

ಇಷ್ಟು ನಡೆದವರಿಗೆ ದ್ವೀಪವನ್ನು ಬಿಟ್ಟು ಹೊರಗೆ ಹೋಗುವ ಹಕ್ಕು ಮಾತ್ರ ಇರಲಿಲ್ಲ. ಜನ ಓಡಿಹೋದರೆ ತೆರಿಗೆ ಕಟ್ಟುವವರಾರು, ಅರಮನೆಗೆ ಕಾಣಿಕೆ ಒಪ್ಪಿಸುವವರಾರು ಎಂದು 1629ರಲ್ಲಿ ಜೋಸೊನ್ ಅರಸರ ಆಡಳಿತ ದ್ವೀಪವಾಸಿಗಳ ನಿರ್ಗಮನವನ್ನು ನಿಷೇಧಿಸಿತು. ಸುಮಾರು ಇನ್ನೂರು ವರ್ಷ ಆ ಕಟ್ಟಳೆ ನಡೆಯಿತು. ಆ ಕಾಲದಲ್ಲಿ ಕಿಮ್ ಮಾನ್‌ದೊಕ್ (1739–1812) ಎಂಬ ಹೆಂಗಸು ವ್ಯಾಪಾರ ಮಾಡಿ ಧನಿಕಳಾಗಿದ್ದಳು. 1790ರ ದಶಕದಲ್ಲಿ ಘೋರ ಕ್ಷಾಮ ಬಂದಾಗ ತನ್ನ ಸಂಪತ್ತಿನಿಂದ ಹೊರನಾಡಿನ ಧಾನ್ಯ ತರಿಸಿ ಹಸಿದವರಿಗೆ ಹಂಚಿದಳು. ಮೆಚ್ಚಿದ ದೊರೆ ಜೊಂಗ್ಜೊ ಏನು ಬೇಕೆಂದು ಕೇಳಿಸಿದ. ಆಕೆ ಪದವಿ ಬೇಡಲಿಲ್ಲ, ಭೂಮಿ ಬೇಡಲಿಲ್ಲ. ರಾಜಧಾನಿಯನ್ನು ನೋಡಬೇಕು, ಕುಮ್‌ಗಾಂಗ್ ಪರ್ವತವನ್ನು ಕಾಣಬೇಕು ಎಂದಳು. ‘ಕುಮ್‌ಗಾಂಗ್’ ಎಂದರೆ ವಜ್ರ. ಬೌದ್ಧಧರ್ಮದೊಂದಿಗೆ ಭಾರತದಿಂದ ಹೊರಟ ‘ವಜ್ರ’ ಶಬ್ದವೇ ಅಲ್ಲಿ ವೇಷ ಬದಲಿಸಿ ನಿಂತಿದೆ. ದೊರೆ ಆಕೆಯ ಆಸೆಯನ್ನು ಸಲ್ಲಿಸಿದ. ದ್ವೀಪದ ಹೆಣ್ಣೊಬ್ಬಳಿಗೆ ರಾಜನಿಂದ ಪಡೆಯಬಹುದಾದ ಅತ್ಯಂತ ದೊಡ್ಡ ಬಹುಮಾನವಾಗಿ ಕಂಡದ್ದು ಒಂದು ಪ್ರಯಾಣ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜೇಜು ಪ್ರವಾಸಿಗಳ ದ್ವೀಪವಾಯಿತು. ಅಗಲವಾದ ರಸ್ತೆಗಳು ಬಂದುವು. ಪ್ರವಾಸಿ ಬಸ್ಸಿನಲ್ಲಿ ಬಂದ, ಜಲಪಾತವೊಂದರ ಮುಂದೆ ಚಿತ್ರ ತೆಗೆಸಿಕೊಂಡ, ಇನ್ನೊಂದರ ಕಡೆ ಧಾವಿಸಿದ. ಹಳೆಯ ಕಾಲುಹಾದಿಗಳು ಅಲ್ಲಲ್ಲಿ ತುಂಡಾದುವು, ಪೊದೆ ಬೆಳೆದು ಮುಚ್ಚಿಹೋದುವು. ಯುದ್ಧದಿಂದ ನುಚ್ಚುನೂರಾಗಿದ್ದ ಕೊರಿಯ ಒಂದೇ ತಲೆಮಾರಿನಲ್ಲಿ ಕೈಗಾರಿಕಾ ರಾಷ್ಟ್ರವಾಗಿ ಬೆಳೆದದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಆ ಓಟದಲ್ಲಿ ‘ಪಲ್ಲಿ ಪಲ್ಲಿ’, ಎಂದರೆ ‘ಬೇಗ ಬೇಗ’ ಎಂಬುದು ಜನರ ನಾಲಗೆಯ ಮೇಲೆ ನೆಲೆಸಿಬಿಟ್ಟಿತು.

ಹೀಗೆ ಓಡಿ ದಣಿದವರಲ್ಲಿ ಸೊ ಮ್ಯೊಂಗ್‌ಸುಕ್ ಒಬ್ಬರು. ದ್ವೀಪದ ದಕ್ಷಿಣದ ಸೊಗ್ವಿಪೊ ಪಟ್ಟಣದಲ್ಲಿ ಹುಟ್ಟಿ, ಸೋಲ್ ನಗರದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಪತ್ರಕರ್ತೆಯಾಗಿ ದುಡಿದು, ರಾಜಕೀಯ ವಾರಪತ್ರಿಕೆಯೊಂದರ ಸಂಪಾದಕತ್ವಕ್ಕೇರಿದವರು. ಐವತ್ತರ ಹೊಸ್ತಿಲಲ್ಲಿ, 2006ರಲ್ಲಿ, ಕೆಲಸ ಬಿಟ್ಟು ಸ್ಪೇನಿಗೆ ಹೋಗಿ ಅಲ್ಲಿಯ ಸಾಂತಿಯಾಗೊ ಎಂಬ ಕ್ಷೇತ್ರಕ್ಕೆ ಯಾತ್ರಿಕರು ಸಾಗುವ ಸುಮಾರು 800 ಕಿಲೋಮೀಟರುಗಳ ಹಾದಿಯನ್ನು ನಡೆದರು. ದಾರಿಯಲ್ಲಿ ಜೊತೆಯಾದ ಇಂಗ್ಲೆಂಡಿನ ಹೆಂಗಸೊಬ್ಬರು, ಇಲ್ಲಿ ಪಡೆದ ನೆಮ್ಮದಿಯನ್ನು ನಮ್ಮ ನಮ್ಮ ನಾಡಿನಲ್ಲಿ ಇತರರಿಗೂ ಒದಗಿಸಬೇಡವೇ ಎಂದು ಕೇಳಿದರು. ಆ ಮಾತು ಸೊ ಅವರ ಮನಸ್ಸಿನಲ್ಲಿ ನಾಟಿತು. ಕಣ್ಣ ಮುಂದೆ ಬಂದದ್ದು ತಾವು ಬಾಲ್ಯದಲ್ಲಿ ಬೇಸತ್ತು ತೊರೆದು ಬಂದಿದ್ದ ಜೇಜುವಿನ ಕಡಲಂಚು.

ಹಾದಿಯನ್ನು ಮಾಡುವುದೆಂದರೆ ಹೊಸದಾಗಿ ಕಡಿಯುವುದಲ್ಲ, ಇದ್ದದ್ದನ್ನು ಹುಡುಕುವುದು ಎಂಬುದು ಅವರ ನಿಲುವಾಗಿತ್ತು. ಅವರೂ ಅವರ ತಮ್ಮನೂ ಗೆಳೆಯರೂ ಮುಳ್ಳುಪೊದೆಗಳಲ್ಲಿ ನುಗ್ಗಿ ಹಳೆಯ ಜಾಡುಗಳನ್ನು ಹುಡುಕಿದರು. ಮುದುಕರನ್ನು ಕೇಳಿದರು. ತಮ್ಮ ಹೊಲ, ಹುಲ್ಲುಗಾವಲು, ಕಿತ್ತಳೆತೋಟಗಳ ಮಗ್ಗುಲಲ್ಲಿ ಅಪರಿಚಿತರು ನಡೆದುಹೋಗಲು ಒಪ್ಪಬೇಕೆಂದು ಒಡೆಯರನ್ನು ಬೇಡಿದರು. ಹಾದಿಯನ್ನು ಯಂತ್ರದಿಂದ ಮಾಡಬಾರದು, ಕೈಯಿಂದಲೇ ಮಾಡಬೇಕು ಎಂಬುದು ಕಟ್ಟುನಿಟ್ಟಾಗಿತ್ತು. ಸೊಗ್ವಿಪೊದ ಪಶ್ಚಿಮಕ್ಕಿರುವ ಏಳನೆಯ ಹಾದಿಯಲ್ಲಿ ‘ಸುಬೊಂಗ್ ದಾರಿ’ ಎಂಬ ಭಾಗವೊಂದಿದೆ. ಆಡುಗಳು ಮಾತ್ರ ಓಡಾಡುತ್ತಿದ್ದ ಕಡಲದಿಣ್ಣೆಯ ಜಾಡನ್ನು ಕಿಮ್ ಸುಬೊಂಗ್ ಎಂಬ ಕಾರ್ಯಕರ್ತರು 2007ರ ಕೊನೆಯಲ್ಲಿ ಗುದ್ದಲಿ, ಸಲಿಕೆಗಳಿಂದ ಮನುಷ್ಯರು ನಡೆಯುವ ಹಾದಿಯನ್ನಾಗಿ ಮಾಡಿದರು. ಅರಸರ, ಸೇನಾಪತಿಗಳ ಹೆಸರಿನ ರಸ್ತೆಗಳು ಎಲ್ಲ ದೇಶಗಳಲ್ಲೂ ಉಂಟು. ಅಗೆದವನ ಹೆಸರನ್ನೇ ಹೊತ್ತ ದಾರಿಗಳು ವಿರಳ. ಇನ್ನೊಂದೆಡೆ ಸೈನಿಕರು ಬಂದು ಕಡಲತೀರದ ಗುಂಡುಕಲ್ಲುಗಳನ್ನು ಕೈಯಿಂದ ಹೊತ್ತು ಜೋಡಿಸಿಕೊಟ್ಟರು.

ಮೊದಲನೆಯ ಹಾದಿ 2007ರ ಸೆಪ್ಟೆಂಬರಿನಲ್ಲಿ ದ್ವೀಪದ ಪೂರ್ವತುದಿಯ ಸಿಹುಂಗ್ ಎಂಬ ಹಳ್ಳಿಯಿಂದ ತೆರೆಯಿತು. ಆಮೇಲೆ ಒಂದೊಂದಾಗಿ ಸೇರಿ, 2012ರ ನವೆಂಬರಿನಲ್ಲಿ ದ್ವೀಪದ ಸುತ್ತು ಪೂರ್ಣವಾಯಿತು. ಮುಖ್ಯ ದ್ವೀಪದ ಸುತ್ತಲಿನ ಹಾದಿಗಳು, ಒಳನಾಡಿನ ಕವಲುಗಳು, ಉದೊ, ಗಾಪಾದೊ, ಚುಜಾದೊ ಎಂಬ ಕಿರುದ್ವೀಪಗಳ ಹಾದಿಗಳು ಎಲ್ಲ ಕೂಡಿ ಈಗ 27 ಭಾಗಗಳಿವೆ. ಒಂದೊಂದು ಭಾಗವೂ ಸಾಮಾನ್ಯವಾಗಿ ಒಂದು ದಿನದ ನಡಿಗೆ. ದಾರಿ ತಪ್ಪದಂತೆ ಮರದ ಕೊಂಬೆಗಳಲ್ಲಿ ನೀಲಿ ಮತ್ತು ಕಿತ್ತಳೆ ಬಣ್ಣದ ಎರಡು ಪಟ್ಟಿಗಳು ಹಾರಾಡುತ್ತಿರುತ್ತವೆ. ನೀಲಿ ಕಡಲಿನದು, ಕಿತ್ತಳೆ ತೋಟಗಳದು. ಕವಲುಗಳಲ್ಲಿ ನೀಲಿಬಣ್ಣದ ಪುಟ್ಟ ಕುದುರೆಯ ಆಕೃತಿಯೊಂದು ನಿಂತಿರುತ್ತದೆ, ಅದರ ತಲೆ ಇರುವ ಕಡೆಗೆ ಹಾದಿ. ಈ ಕುದುರೆಯ ಹೆಸರು ‘ಗಾನ್ಸೆ’. ಸೋಮಾರಿಯನ್ನು ಕುರಿತ ಜೇಜುವಿನ ಗ್ರಾಮ್ಯಪದದಿಂದ ಅದು ಬಂದಿದೆ. ಹುಲ್ಲು ಮೇಯುತ್ತ, ನಿಂತು ನಿಂತು ಸಾಗುವ ದ್ವೀಪದ ಕುಳ್ಳುಗುದುರೆ ನಡೆಯುವವನಿಗೆ ಮಾದರಿ. ‘ಬೇಗ ಬೇಗ’ ಎನ್ನುವ ನಾಡಿನಲ್ಲಿ ಸೋಮಾರಿಯನ್ನು ಮಾರ್ಗದರ್ಶಿಯಾಗಿ ನಿಲ್ಲಿಸಲು ಒಂದಿಷ್ಟು ಧೈರ್ಯ ಬೇಕು.

ಹೀಗೆ ಸಾವಕಾಶವಾಗಿ ನಡೆಯುವವನಿಗೆ ಕಡಲಿನ ಕಡೆಯಿಂದ ಒಮ್ಮೊಮ್ಮೆ ಸಿಳ್ಳಿನಂಥ ದನಿ ಕೇಳಿಸುತ್ತದೆ. ಹಕ್ಕಿಯೆಂದು ಭ್ರಮಿಸಿದವರು ನೋಡಿದರೆ ನೀರಿನ ಮೇಲೆ ಕಿತ್ತಳೆ ಬಣ್ಣದ ಬುರುಡೆಯಂಥದೊಂದು ತೇಲುತ್ತಿರುತ್ತದೆ, ಪಕ್ಕದಲ್ಲಿ ಒಂದು ತಲೆ. ಅವರು ‘ಹೆನ್ಯೊ’, ಎಂದರೆ ಕಡಲಹೆಂಗಸರು. ಉಸಿರಿನ ಯಾವ ಯಂತ್ರದ ನೆರವೂ ಇಲ್ಲದೆ ಸುಮಾರು ಹತ್ತು ಮೀಟರು ಆಳಕ್ಕೆ ಮುಳುಗಿ, ಒಂದು ನಿಮಿಷದಷ್ಟು ಉಸಿರು ಬಿಗಿಹಿಡಿದು, ಬಂಡೆಗೆ ಕಚ್ಚಿಕೊಂಡ ಚಿಪ್ಪುಜೀವಿಗಳನ್ನೂ ಕಡಲಪಾಚಿಯನ್ನೂ ಕಿತ್ತು ತರುತ್ತಾರೆ. ಮೇಲೆ ಬಂದೊಡನೆ ಕಟ್ಟಿಹಿಡಿದ ಉಸಿರನ್ನು ಹೊರಬಿಡುವ ಸದ್ದೇ ಆ ಸಿಳ್ಳು. ತೇಲುವ ಬುರುಡೆ ಹಿಂದೆ ಸೋರೆಬುರುಡೆಯೇ ಆಗಿತ್ತು. ನಮ್ಮ ಹಳ್ಳಿಗಳಲ್ಲಿ ಈಜು ಕಲಿಯುವ ಹುಡುಗರು ಮೈಗೆ ಕಟ್ಟಿಕೊಳ್ಳುತ್ತಿದ್ದುದೂ ಇಂಥದೇ. ನೀರಿನಿಂದೆದ್ದು ಬಂದವರು ತೀರದಲ್ಲಿ ಕಲ್ಲುಗೋಡೆಯ ಮರೆಯಲ್ಲಿ ಬೆಂಕಿ ಹೊತ್ತಿಸಿ ಮೈ ಕಾಯಿಸಿಕೊಳ್ಳುತ್ತಿದ್ದರು. ‘ಬುಲ್‌ತೊಕ್’ ಎಂಬ ಆ ಬೆಂಕಿಯ ಸುತ್ತಲೇ ಅವರ ಪಂಚಾಯಿತಿ ನಡೆಯುತ್ತಿತ್ತು. ಎಂದು ಮುಳುಗಬೇಕು, ಯಾವ ಪ್ರಾಯದ ಚಿಪ್ಪನ್ನು ಮುಟ್ಟಬಾರದು ಎಂಬುದೆಲ್ಲ ಅಲ್ಲಿ ನಿರ್ಧಾರವಾಗುತ್ತಿತ್ತು. ಇನ್ನೂ ಒಂದು ಚಿಪ್ಪು ಎಂಬ ಆಸೆಗೆ ಬಿದ್ದವಳು ನೀರನ್ನೇ ಉಸಿರಾಡಬೇಕಾಗುತ್ತದೆಂದು ಹಿರಿಯರು ಕಿರಿಯರನ್ನು ಎಚ್ಚರಿಸುತ್ತಿದ್ದರು. 1932ರಲ್ಲಿ ಜಪಾನೀ ಆಡಳಿತದ ಶೋಷಣೆಯ ವಿರುದ್ಧ ಸಾವಿರಾರು ಹೆನ್ಯೊಗಳು ಬೀದಿಗಿಳಿದರು. 2016ರಲ್ಲಿ ಯುನೆಸ್ಕೊ ಇವರ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯಾಗಿ ಮನ್ನಿಸಿತು. ಮನ್ನಣೆ ಬಂತು, ಆದರೆ ಕಡಲಿಗಿಳಿಯುವವರಲ್ಲಿ ಬಹುಪಾಲು ಈಗ ಅರುವತ್ತು ದಾಟಿದವರು. ಇವರ ಹೆಣ್ಣುಮಕ್ಕಳು ಪಟ್ಟಣಗಳ ಕಚೇರಿಗಳಲ್ಲಿದ್ದಾರೆ, ಅವರನ್ನು ಅಲ್ಲಿಗೆ ಓದಿಸಿ ಕಳುಹಿಸಿದವರೂ ಈ ತಾಯಂದಿರೇ.

ಹಾದಿ ಚೆಲುವನ್ನಷ್ಟೇ ತೋರಿಸುವುದಿಲ್ಲ. ನೈಋತ್ಯ ಮೂಲೆಯಲ್ಲಿ ಹತ್ತನೆಯ ಹಾದಿ ಆಲೂಗಡ್ಡೆ ಹೊಲಗಳ ನಡುವೆ ಸಾಗುವಾಗ ಹುಲ್ಲು ಬೆಳೆದ ಕಾಂಕ್ರೀಟಿನ ಗವಿಗಳು ಎದುರಾಗುತ್ತವೆ. ಜಪಾನೀ ಸೇನೆ ದ್ವೀಪದ ಜನರನ್ನು ಬಿಟ್ಟಿಗೆ ಹಿಡಿದು ದುಡಿಸಿ ಕಟ್ಟಿಸಿದ ವಿಮಾನ ನಿಲ್ದಾಣದ ಅವಶೇಷಗಳಿವು; 1937ರಲ್ಲಿ ಚೀನದ ನಾನ್‌ಜಿಂಗ್ ನಗರದ ಮೇಲೆ ಬಾಂಬು ಸುರಿಸಲು ಈ ನೆಲ ಬಳಕೆಯಾಯಿತು. ಪಕ್ಕದ ಸೊತಾಲ್ ಒರುಮ್ ಎಂಬ ಗುಡ್ಡದಲ್ಲಿ 1950ರ ಆಗಸ್ಟಿನಲ್ಲಿ, ಕೊರಿಯದ ಯುದ್ಧ ಆರಂಭವಾದ ಎರಡು ತಿಂಗಳಿಗೆ, ಸಂಶಯದ ಮೇಲೆ ಹಿಡಿದಿಟ್ಟಿದ್ದ ಜನರನ್ನು ಅವರದೇ ದೇಶದ ಪಡೆಗಳು ಗುಂಡಿಟ್ಟು ಕೊಂದುವು. ಆರು ವರ್ಷಗಳವರೆಗೆ ಹೆಣಗಳನ್ನು ಎತ್ತಲು ಬಿಡಲಿಲ್ಲ. 1956ರಲ್ಲಿ ಅನುಮತಿ ದೊರೆತಾಗ ಯಾರ ಮೂಳೆ ಯಾರದೆಂದು ತಿಳಿಯುವಂತಿರಲಿಲ್ಲ. ಬಂಧುಗಳು ಒಂದು ತಲೆಬುರುಡೆಗೆ ಕೈಕಾಲುಗಳ ಮೂಳೆಗಳನ್ನು ಹೊಂದಿಸಿ 132 ಸಮಾಧಿಗಳನ್ನು ಮಾಡಿದರು. ‘ನೂರು ಹಿರಿಯರಿಗೆ ಒಂದೇ ಸಂತಾನದವರ ನೆಲ’ ಎಂದು ಆ ಜಾಗಕ್ಕೆ ಹೆಸರಿಟ್ಟರು. ಯಾರು ಯಾರ ತಂದೆಯೋ ತಿಳಿಯದು. ಇನ್ನು ಮೇಲೆ ಎಲ್ಲರೂ ಎಲ್ಲರ ಮಕ್ಕಳು.

ಇದಕ್ಕೆ ಹಿನ್ನೆಲೆ 1948. ಆ ವರ್ಷ ಏಪ್ರಿಲ್ 3ರಂದು, ಕೊರಿಯದ ದಕ್ಷಿಣಾರ್ಧಕ್ಕೆ ಮಾತ್ರ ಪ್ರತ್ಯೇಕ ಚುನಾವಣೆ ನಡೆಸುವುದನ್ನು ವಿರೋಧಿಸಿ ಎಡಪಂಥೀಯರು ದ್ವೀಪದ ಪೊಲೀಸು ಠಾಣೆಗಳ ಮೇಲೆ ದಾಳಿ ಮಾಡಿದರು. ಬಂಡಾಯವನ್ನು ಅಡಗಿಸುವ ಕಾರ್ಯಾಚರಣೆ 1954ರವರೆಗೆ ನಡೆಯಿತು. ಸತ್ತವರು 25,000ದಿಂದ 30,000 ಎಂದು ಅಂದಾಜು, ಎಂದರೆ ದ್ವೀಪದ ಹತ್ತರಲ್ಲೊಬ್ಬರು. ಅಕ್ಟೋಬರಿನಲ್ಲಿ ಹೊರಟ ಆಜ್ಞೆಯೊಂದರ ಪ್ರಕಾರ ಕಡಲತೀರದಿಂದ ಐದು ಕಿಲೋಮೀಟರು ಒಳಗೆ ಕಂಡವರೆಲ್ಲ ಬಂಡುಕೋರರೇ. ಒಳನಾಡಿನ ಹಳ್ಳಿಗಳಿಗೆ ಬೆಂಕಿ ಬಿತ್ತು. ಕಡಲಿಗೆ ಹತ್ತಿರವಿದ್ದರೂ ಸುಟ್ಟುಹೋದ ಊರುಗಳೂ ಇದ್ದುವು. ಉತ್ತರ ತೀರದ ಹದಿನೆಂಟನೆಯ ಹಾದಿ ಅಂಥದೊಂದರ ಮೂಲಕ ಹೋಗುತ್ತದೆ. ಗೊನುಲ್ ಎಂಬ ಆ ಊರನ್ನು 1949ರ ಜನವರಿಯ ಮೊದಲ ವಾರದಲ್ಲಿ ಸುಟ್ಟರು, ಗಂಡಸರನ್ನು ಕೊಂದರು. ಉಳಿದವರು ಮತ್ತೆ ಅಲ್ಲಿ ಮನೆ ಕಟ್ಟಲಿಲ್ಲ. ಈಗ ಕಡಲಿಗೆ ಮುಖಮಾಡಿದ ಇಳಿಜಾರಿನಲ್ಲಿ ಕಲ್ಲುಗೋಡೆಗಳು ಮಾತ್ರ ನಿಂತಿವೆ. ನಡುವೆ ಹುಲ್ಲು. ಬೀದಿಯಿಂದ ಅಂಗಳಕ್ಕೆ ತಿರುಗುವ ಒಲ್ಲೆಗಳು ಸ್ಪಷ್ಟವಾಗಿ ಕಾಣುತ್ತವೆ. ಅವುಗಳಲ್ಲಿ ನಡೆದುಹೋದರೆ ಕೊನೆಯಲ್ಲಿ ಮನೆಯಿಲ್ಲ.

ಈ ಮರಣಗಳ ಬಗ್ಗೆ ಹಲವು ದಶಕಗಳವರೆಗೆ ಬಾಯಿ ಬಿಡುವಂತಿರಲಿಲ್ಲ. 1978ರಲ್ಲಿ ಇದನ್ನು ಕುರಿತು ಕಥೆ ಬರೆದ ಜೇಜುವಿನ ಲೇಖಕ ಹ್ಯೊನ್ ಗಿಯೊಂಗ್ ಬಂಧನಕ್ಕೂ ಚಿತ್ರಹಿಂಸೆಗೂ ಗುರಿಯಾದರು. 2000ದಲ್ಲಿ ಸತ್ಯಶೋಧನೆಗಾಗಿ ಕಾನೂನು ಬಂತು. 2003ರ ಅಕ್ಟೋಬರಿನಲ್ಲಿ ಅಧ್ಯಕ್ಷ ರೋ ಮೂ-ಹ್ಯುನ್ ಸರಕಾರದ ಪರವಾಗಿ ದ್ವೀಪದ ಜನರ ಕ್ಷಮೆ ಕೇಳಿದರು. ಒಲ್ಲೆಯ ಮೊದಲ ಹಾದಿ ತೆರೆದದ್ದು ಅದಾದ ನಾಲ್ಕು ವರ್ಷಗಳಿಗೆ. ಮಾತಿಗೆ ಬಿಡುಗಡೆ ಸಿಕ್ಕದೆ ಹೋಗಿದ್ದರೆ, ಗೊನುಲ್‌ನ ಗೋಡೆಗಳ ನಡುವೆ ಹಾದಿಯನ್ನು ಎಳೆಯುವುದು ಸಾಧ್ಯವಾಗುತ್ತಿತ್ತೇ ಎಂಬುದು ಸಂದೇಹ.

ಹಾದಿಗೂ ತೊಡಕುಗಳು ಬರದೆ ಇರಲಿಲ್ಲ. ಏಳನೆಯ ಹಾದಿಯ ಗಾಂಗ್ಜೊಂಗ್ ಗ್ರಾಮದಲ್ಲಿ ನೌಕಾನೆಲೆ ಕಟ್ಟಲು 2012ರಲ್ಲಿ ಕಡಲತೀರದ ವಿಶಾಲವಾದ ಬಂಡೆಯನ್ನು ಸಿಡಿಸಲಾಯಿತು. ಪ್ರತಿಭಟನೆಗಳ ನಡುವೆ 2016ರಲ್ಲಿ ನೆಲೆ ಪೂರ್ಣವಾಯಿತು. ಊರು ಎರಡಾಗಿ ಒಡೆಯಿತು, ಹಾದಿ ಪಕ್ಕಕ್ಕೆ ಸರಿಯಿತು. 2012ರ ಜುಲೈನಲ್ಲಿ ಮೊದಲನೆಯ ಹಾದಿಯಲ್ಲಿ ಒಬ್ಬಳೇ ನಡೆಯುತ್ತಿದ್ದ ಹೆಂಗಸೊಬ್ಬಳ ಕೊಲೆಯಾಯಿತು. ಗಳುಗಳನ್ನೇ ಬಾಗಿಲೆಂದು ನಂಬಿ ಬದುಕಿದ್ದ ದ್ವೀಪಕ್ಕೆ ಅದು ದೊಡ್ಡ ಆಘಾತ. ಆ ಹಾದಿಯನ್ನು ಕೆಲಕಾಲ ಮುಚ್ಚಿದರು. ಮತ್ತೆ ತೆರೆದಾಗ ಒಂಟಿಯಾಗಿ ನಡೆಯುವವರಿಗೆ ಅಪಾಯದ ಸಂಕೇತ ಕಳುಹಿಸುವ ಉಪಕರಣವನ್ನು ಕೊಡುವ ಏರ್ಪಾಡಾಗಿತ್ತು. ಕತ್ತಲಾಗುವ ಮುನ್ನ ಹಾದಿ ಬಿಡಬೇಕೆಂಬ ಸೂಚನೆಯೂ ಬಂತು. ಅದೇ ವರ್ಷ ಜಪಾನಿನ ಕ್ಯೂಶು ದ್ವೀಪದವರು ತಮ್ಮಲ್ಲಿಯೂ ಇಂಥ ಹಾದಿಗಳನ್ನು ತೆರೆದು, ಜೇಜುವಿನಿಂದಲೇ ‘ಒಲ್ಲೆ’ ಎಂಬ ಹೆಸರನ್ನೂ ಕುದುರೆಯನ್ನೂ ಪಡೆದುಕೊಂಡರು. ಹತ್ತನೆಯ ಹಾದಿಯ ಕಾಂಕ್ರೀಟು ಗವಿಗಳನ್ನು ನೆನೆದರೆ ಈ ಕೊಡುಕೊಳ್ಳುವಿಕೆ ಸಣ್ಣದಲ್ಲ.

ಸುತ್ತಿನ ಕೊನೆಯದಾದ ಇಪ್ಪತ್ತೊಂದನೆಯ ಹಾದಿ ಹೆನ್ಯೊಗಳ ವಸ್ತುಸಂಗ್ರಹಾಲಯದ ಬಳಿ ಹೊರಟು, ಬೆಳ್ಳುಳ್ಳಿ, ಕ್ಯಾರೆಟ್ಟುಗಳ ಹೊಲಗಳನ್ನು ದಾಟಿ, ಜಿಮಿಬೊಂಗ್ ಎಂಬ ಗುಡ್ಡವನ್ನೇರುತ್ತದೆ. ಜಿಮಿ ಎಂದರೆ ನೆಲದ ಬಾಲ. ಏರು ಕಡಿದಾಗಿದೆ, ಆದರೆ ದೀರ್ಘವಲ್ಲ. ನೆತ್ತಿಯಿಂದ ಒಂದು ಕಡೆ ಉದೊ ದ್ವೀಪ ಮಲಗಿದ ಹಸುವಿನಂತೆ ಕಾಣುತ್ತದೆ. ಇನ್ನೊಂದು ಕಡೆ, ಸುಮಾರು ಐದು ಸಾವಿರ ವರ್ಷಗಳ ಹಿಂದೆ ಕಡಲಿನೊಳಗೆ ಸ್ಫೋಟಿಸಿ ಎದ್ದ ಸೊಂಗ್‌ಸಾನ್ ಇಲ್ಚುಲ್‌ಬೊಂಗ್, ಸೂರ್ಯೋದಯದ ಶಿಖರ, ಕಿರೀಟವನ್ನು ನೀರಿನಲ್ಲಿಟ್ಟಂತೆ ನಿಂತಿದೆ. ಕೆಳಗೆ ಹಾದಿ ಮುಗಿಯುವ ಜೊಂಗ್‌ದಾಲ್ ಎಂಬ ಹಳ್ಳಿ. ಹಿಂದೆ ದ್ವೀಪಕ್ಕೆ ಹೊಸದಾಗಿ ಬಂದ ಅಧಿಕಾರಿ ತನ್ನ ಸುತ್ತಾಟವನ್ನು ಸಿಹುಂಗ್‌ನಲ್ಲಿ ಆರಂಭಿಸಿ ಜೊಂಗ್‌ದಾಲ್‌ನಲ್ಲಿ ಮುಗಿಸುತ್ತಿದ್ದನೆಂದು ಪ್ರತೀತಿ. ಆತ ಕುದುರೆಯ ಮೇಲೆ ಬರುತ್ತಿದ್ದ, ಈಗಿನವರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಜೊಂಗ್‌ದಾಲ್‌ನ ನೆರೆಯ ಊರೇ ಸಿಹುಂಗ್. ನಡುವೆ ಇರುವುದು ಕೆಲವು ಹೊಲಗಳು ಮತ್ತು ಅವುಗಳ ಕಪ್ಪು ಗೋಡೆಗಳು. ವಾರಗಟ್ಟಲೆ ನಡೆದು ಬಂದವರಲ್ಲಿ ಕೆಲವರು ಇಲ್ಲಿ ಬೂಟು ಕಳಚಿ ಕಡಲಿಗೆ ಕಾಲಿಳಿಸಿ ಕೂರುತ್ತಾರೆ. ಇನ್ನು ಕೆಲವರು ನೀಲಿ ಪಟ್ಟಿಗಳನ್ನು ಕಣ್ಣಲ್ಲೇ ಅರಸುತ್ತ ಆ ಹೊಲಗಳ ಕಡೆಗೆ ಹೊರಟುಬಿಡುತ್ತಾರೆ.